ನಾಲ್ಕು ಅಂಗೈಗಳ ಮೇಲೊಂದು ಓಟ

ವಾಲುವ ಕಾರಿನ ಒಗಟು

ರೇಸ್ ಕಾರಿನ ಮೂತಿಯ ಮೇಲೆ ಕೈಯಿಟ್ಟು ಎಷ್ಟು ಒತ್ತಿದರೂ ಅದು ತಗ್ಗಿದಂತೆ ಕಾಣುವುದಿಲ್ಲ. ಗೋ-ಕಾರ್ಟಿಗಂತೂ ಸ್ಪ್ರಿಂಗೇ ಇರುವುದಿಲ್ಲ. ಎರಡೂ ತಿರುವಿನಲ್ಲಿ ಓಲಾಡದೆ, ನೆಲಕ್ಕೆ ಅಂಟು ಹಾಕಿದಂತೆ ಹೊರಳಿಕೊಂಡು ಹೋಗುತ್ತವೆ. ಇದನ್ನು ನೋಡಿದ ಯಾರಿಗಾದರೂ ಒಂದು ನಂಬಿಕೆ ತಾನಾಗಿಯೇ ಮೂಡುತ್ತದೆ: ಸ್ಪ್ರಿಂಗ್ ಗಡುಸಾದಷ್ಟೂ, ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾದಷ್ಟೂ ಹಿಡಿತ ಹೆಚ್ಚು. ಕಾರಿನ ಹುಚ್ಚು ಹಿಡಿದ ಹುಡುಗರು ಗ್ಯಾರೇಜಿಗೆ ಹೋಗಿ ಇದ್ದ ಸ್ಪ್ರಿಂಗ್ ತೆಗೆಸಿ ಗಿಡ್ಡನೆಯ, ಗಡುಸಾದ ಸ್ಪ್ರಿಂಗ್ ಹಾಕಿಸುವುದು ಈ ನಂಬಿಕೆಯಿಂದಲೇ.

ಹಾಗಿದ್ದರೆ ಮಾಜ್ದಾ ಎಂಎಕ್ಸ್-5 ಕಾರನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಇದು ಜಪಾನಿನ ಪುಟ್ಟ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚಿಡುವ ಚಾವಣಿ. 1989ರ ಫೆಬ್ರುವರಿಯಲ್ಲಿ ಅಮೆರಿಕದ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದೇ ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಓಡಿಸುವ ಖುಷಿಗೆ ಹೆಸರಾದ ಈ ಕಾರು ತಿರುವಿಗೆ ಬಂದಾಗ ಎದ್ದು ಕಾಣುವಷ್ಟು ವಾಲುತ್ತದೆ. ಹೊರಮಗ್ಗುಲು ತಗ್ಗಿ, ಒಳಮಗ್ಗುಲು ಏಳುತ್ತದೆ. ಅದನ್ನು ಕಟ್ಟಿದವರಿಗೆ ಗಡುಸು ಸ್ಪ್ರಿಂಗ್ ಸಿಗದೆ ಹಾಗಾದದ್ದಲ್ಲ. ಬೇಕೆಂದೇ ವಾಲಲು ಬಿಟ್ಟಿದ್ದಾರೆ.

ಒಂದು ಕಡೆ ಅಲುಗಾಡದ ರೇಸ್ ಕಾರು, ಇನ್ನೊಂದು ಕಡೆ ವಾಲುತ್ತಲೇ ಮನಸ್ಸು ಗೆಲ್ಲುವ ಎಂಎಕ್ಸ್-5. ಎರಡೂ ಸರಿಯಾಗಿರುವುದು ಹೇಗೆ? ಉತ್ತರ ಸಿಗಬೇಕಾದರೆ ಕಾರಿನ ಮೈಯಿಂದ ಕಣ್ಣು ತೆಗೆದು, ಟೈರು ನೆಲವನ್ನು ಮುಟ್ಟುವ ಜಾಗವನ್ನು ನೋಡಬೇಕು.

ಅಂಗೈಯಗಲದ ಆಧಾರ

1,000 ಕಿಲೋ ತೂಗುವ ಕಾರು ಎಂದಿಟ್ಟುಕೊಳ್ಳಿ. ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಮೇಲೆ 250 ಕಿಲೋ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಆ 250 ಕಿಲೋ ಹೊರಲು ಬೇಕಾಗುವ ಜಾಗ ಸುಮಾರು 125 ಚದರ ಸೆಂಟಿಮೀಟರ್. ನಿಮ್ಮ ಅಂಗೈ ಬಿಡಿಸಿ ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ.

ಕಾರು ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು. ಎಂಜಿನ್ನಿನ ಶಕ್ತಿಯಾಗಲಿ, ಬ್ರೇಕಿನ ಬಿಗಿಯಾಗಲಿ ಇವುಗಳ ಆಚೆ ಹೋಗಲಾರವು. ಸಸ್ಪೆನ್ಷನ್ ಎಂದರೆ ಕಾರಿನ ಮೈಗೂ ಈ ಅಂಗೈಗಳಿಗೂ ನಡುವೆ ಇರುವ ಏರ್ಪಾಡು: ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಚಕ್ರವನ್ನು ಹಿಡಿದಿರುವ ತೋಳುಗಳು, ಎಡ-ಬಲ ಚಕ್ರಗಳನ್ನು ಬೆಸೆಯುವ ಸರಳು. ಇವುಗಳಲ್ಲಿ ಯಾವುದೂ ಹಿಡಿತವನ್ನು ಹುಟ್ಟಿಸುವುದಿಲ್ಲ. ಹಿಡಿತ ಹುಟ್ಟುವುದು ರಬ್ಬರು ಮತ್ತು ರಸ್ತೆಯ ನಡುವೆ. ಯಾವ ಅಂಗೈಯ ಮೇಲೆ ಎಷ್ಟು ಹೊರೆ ಬೀಳಬೇಕು, ಎಷ್ಟು ಬೇಗ ಬೀಳಬೇಕು ಎಂದು ಹಂಚುವುದು ಸಸ್ಪೆನ್ಷನ್ನಿನ ಕೆಲಸ.

ತಿರುವಿನಲ್ಲಿ ಹೊರೆ ಎಲ್ಲಿಗೆ ಹೋಗುತ್ತದೆ?

ಬಸ್ಸಿನಲ್ಲಿ ಸೀಟು ಸಿಗದೆ, ಕಾಲು ಅಗಲಿಸಿ ನಿಂತಿದ್ದೀರಿ. ಬಸ್ಸು ಎಡಕ್ಕೆ ಹೊರಳಿದಾಗ ಮೈಭಾರವೆಲ್ಲ ಬಲಗಾಲಿಗೆ ಬರುತ್ತದೆ, ಎಡಗಾಲು ಹಗುರವಾಗುತ್ತದೆ. ಬಲ ಮಂಡಿಯನ್ನು ಬಗ್ಗಿಸಿ ನಿಲ್ಲಿ, ಮೈ ವಾಲುತ್ತದೆ. ಮಂಡಿ ಸೆಟೆಸಿ ನಿಲ್ಲಿ, ಮೈ ವಾಲುವುದಿಲ್ಲ. ಆದರೆ ಬಲಗಾಲಿನ ಮೇಲೆ ಬಿದ್ದ ಭಾರ? ಎರಡೂ ಸಲ ಅಷ್ಟೇ.

ಕಾರಿನದೂ ಇದೇ ಕಥೆ. ನಮ್ಮ 1,000 ಕಿಲೋ ಕಾರಿನ ಎಡ-ಬಲ ಚಕ್ರಗಳ ನಡುವೆ 1.5 ಮೀಟರ್ ಅಂತರವಿದೆ, ಅದರ ತೂಕದ ನಡುಬಿಂದು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎನ್ನೋಣ. ರಭಸದ ತಿರುವಿನಲ್ಲಿ ಕಾರಿನ ತೂಕದ ಶೇ. 90ರಷ್ಟು ಸೆಳೆತ ಅಡ್ಡಕ್ಕೆ ಎಳೆದರೆ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ 300 ಕಿಲೋ ಹೊರೆ ಜರುಗುತ್ತದೆ. ಮೊದಲು ಎಡಕ್ಕೆ 500, ಬಲಕ್ಕೆ 500 ಇದ್ದದ್ದು ಈಗ ಹೊರಗೆ 800, ಒಳಗೆ 200.

ಈ ಲೆಕ್ಕದಲ್ಲಿ ಸ್ಪ್ರಿಂಗಿನ ಗಡುಸುತನ ಎಲ್ಲಿಯೂ ಬರಲಿಲ್ಲ. ಎತ್ತರ, ಅಗಲ, ತೂಕ, ಅಡ್ಡಸೆಳೆತ ಇಷ್ಟೇ ಸಾಕು. ಕಾರು ವಾಲಿದಾಗ ನಡುಬಿಂದು ಕೊಂಚ ಹೊರಕ್ಕೆ ಸರಿಯುವುದರಿಂದ ಆಗುವ ವ್ಯತ್ಯಾಸ ತೀರ ಸಣ್ಣದು. ಅಂದರೆ, ವಾಲುವುದೇ ಹಿಡಿತದ ಶತ್ರು ಎಂಬ ಮಾತಿಗೆ ಆಧಾರವಿಲ್ಲ. ಕಾರನ್ನು 3 ಸೆಂಟಿಮೀಟರ್ ತಗ್ಗಿಸಿದರೆ ಜರುಗುವ ಹೊರೆ 300ರಿಂದ 282 ಕಿಲೋಗೆ ಇಳಿಯುತ್ತದೆ. ಅದು ಲಾಭವೇ, ಆದರೆ ಕಣ್ಣಿಗೆ ಕಾಣುವ ಬದಲಾವಣೆಗೆ ಹೋಲಿಸಿದರೆ ಸಣ್ಣ ಲಾಭ.

ಎರಡು ಮೂಟೆಯ ಆಳು

ಹೊರೆ ಒಂದು ಟೈರಿನಿಂದ ಇನ್ನೊಂದಕ್ಕೆ ಹೋದರೆ ನಷ್ಟವೇನು? ಒಂದು ಕಳೆದುಕೊಂಡದ್ದನ್ನು ಇನ್ನೊಂದು ಗಳಿಸಿತಲ್ಲ, ಲೆಕ್ಕ ಸರಿಹೋಗಬೇಕಲ್ಲವೇ?

ಸರಿಹೋಗುವುದಿಲ್ಲ. ಇಡೀ ಅಧ್ಯಾಯದ ಬೀಗದ ಕೈ ಇಲ್ಲಿದೆ.

ಮಾರುಕಟ್ಟೆಯಲ್ಲಿ ಮೂಟೆ ಹೊರುವ ಇಬ್ಬರು ಆಳುಗಳನ್ನು ನೆನೆಸಿಕೊಳ್ಳಿ. ತಲೆಗೊಂದು ಮೂಟೆಯಂತೆ ಹೊತ್ತರೆ ಇಬ್ಬರೂ ಚುರುಕಾಗಿ ಓಡಾಡುತ್ತಾರೆ. ಎರಡೂ ಮೂಟೆಯನ್ನು ಒಬ್ಬನ ಬೆನ್ನಿಗೇ ಹೇರಿ ಇನ್ನೊಬ್ಬನನ್ನು ಬರಿಗೈಯಲ್ಲಿ ನಡೆಸಿದರೆ, ಹೊತ್ತವನು ಇಬ್ಬರ ಕೆಲಸ ಮಾಡಲಾರ. ಹೊರುತ್ತಾನೆ, ಆದರೆ ನಿಧಾನವಾಗುತ್ತಾನೆ. ಬರಿಗೈಯವನಿಂದ ಆ ಕೊರತೆ ತುಂಬುವುದಿಲ್ಲ.

ಟೈರಿನ ರಬ್ಬರೂ ಹೀಗೆಯೇ. ಹೊರೆ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಹೊರೆ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆ. ತಿಳಿಯಲು ಸುಲಭವಾಗಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. 250 ಕಿಲೋ ಹೊರೆ ಹೊತ್ತ ಟೈರು 250 ಕಿಲೋ ಅಡ್ಡಸೆಳೆತವನ್ನು ತಡೆಯುತ್ತದೆ. 400 ಹೊತ್ತಾಗ ತಡೆಯುವುದು 360 ಮಾತ್ರ. 100 ಹೊತ್ತ ಹಗುರ ಟೈರು 105 ತಡೆಯುತ್ತದೆ. ಸಮನಾಗಿ ಹಂಚಿದ್ದಾಗ ಜೋಡಿಯ ಹಿಡಿತ 250ಕ್ಕೆ 250 ಸೇರಿ 500. ಏರುಪೇರಾದಾಗ 360ಕ್ಕೆ 105 ಸೇರಿ 465. ಒಟ್ಟು ಹೊರೆ ಬದಲಾಗಲಿಲ್ಲ, ಹಿಡಿತ ಮಾತ್ರ 35 ಕಿಲೋ ಸೋರಿಹೋಯಿತು.

ಹಿಡಿತದ ಏರಿಕೆ ಯಾವಾಗಲೂ ಹೊರೆಯ ಏರಿಕೆಗಿಂತ ಒಂದು ಹೆಜ್ಜೆ ಹಿಂದೆ. ಹೀಗಾಗಿ ಹೊರೆಯನ್ನು ಸಮವಾಗಿ, ಏರಿಳಿತವಿಲ್ಲದೆ ಇಡುವ ಯಾವ ಬದಲಾವಣೆಯೂ ಹಿಡಿತವನ್ನು ಉಳಿಸುತ್ತದೆ. ಏರುಪೇರು ಮಾಡುವ ಯಾವ ಬದಲಾವಣೆಯೂ ಅದನ್ನು ಕಳೆಯುತ್ತದೆ. ಇದೊಂದು ನಿಯಮ ಕೈಯಲ್ಲಿದ್ದರೆ ಸಸ್ಪೆನ್ಷನ್ನಿನ ಮುಕ್ಕಾಲು ರಹಸ್ಯ ಬಿಡಿಸಬಹುದು.

ಮೂತಿಜಾರು, ಬಾಲಜಾರು

ಜರುಗುವ ಒಟ್ಟು ಹೊರೆಯನ್ನು ಸ್ಪ್ರಿಂಗು ಬದಲಿಸಲಾರದು ಎಂದೆ. ಆದರೆ ಆ 300 ಕಿಲೋದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬುದನ್ನು ಅದು ಬದಲಿಸಬಲ್ಲದು. ಇಬ್ಬರು ಸೇರಿ ಬೀರು ಎತ್ತುವಾಗ ಒಬ್ಬ ಸೆಟೆದು ನಿಂತು ಇನ್ನೊಬ್ಬ ಮೆಲ್ಲನೆ ಕುಗ್ಗಿದರೆ, ಸೆಟೆದು ನಿಂತವನ ಕೈಗೇ ಹೆಚ್ಚು ಭಾರ ಬರುತ್ತದೆ. ಕಾರಿನಲ್ಲೂ ವಾಲುವುದನ್ನು ಹೆಚ್ಚು ತಡೆಯುವ ತುದಿಗೇ ಹೊರೆಯ ಹೆಚ್ಚು ಪಾಲು.

ಇದನ್ನು ಹೊಂದಿಸಲು ಎಂಜಿನಿಯರುಗಳು ಬಳಸುವ ಉಪಕರಣ ತೀರ ಸರಳ: ಎಡ ಚಕ್ರದಿಂದ ಬಲ ಚಕ್ರಕ್ಕೆ ಹಾಯ್ದಿರುವ ಉಕ್ಕಿನ ಸರಳು. ಇಂಗ್ಲಿಷಿನಲ್ಲಿ ಆ್ಯಂಟಿ-ರೋಲ್ ಬಾರ್ ಎನ್ನುವ ಇದನ್ನು ನಾವು ವಾಲುತಡೆ ಸರಳು ಎನ್ನೋಣ. ಎರಡೂ ಚಕ್ರ ಒಟ್ಟಿಗೆ ಏರಿದರೆ ಅದು ಸುಮ್ಮನೆ ತಿರುಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಬಿಚ್ಚಿಕೊಳ್ಳಲು ಹೆಣಗುತ್ತದೆ. ಆ ಹೆಣಗಾಟವೇ ವಾಲುವುದನ್ನು ತಡೆಯುವುದು.

ಈಗ ಮುಂದಿನ ಜೋಡಿಗೆ ದಪ್ಪ ವಾಲುತಡೆ ಸರಳು ಹಾಕಿಸಿದಿರಿ. ಜರುಗುವ 300ರಲ್ಲಿ 200 ಮುಂದೆಯೇ ಆಗುತ್ತದೆ, ಹಿಂದೆ 100 ಮಾತ್ರ. ಮುಂದಿನ ಹೊರ ಟೈರಿನ ಮೇಲೆ 450 ಕಿಲೋ, ಒಳ ಟೈರಿನ ಮೇಲೆ 50. ಹಿಂದೆ 350 ಮತ್ತು 150. ನಮ್ಮ ಅಂಕಿಗಳ ಜಾಡಿನಲ್ಲೇ ಹೋದರೆ ಮುಂದಿನ ಜೋಡಿಯ ಹಿಡಿತ ಸುಮಾರು 444ಕ್ಕೆ ಇಳಿಯುತ್ತದೆ, ಹಿಂದಿನದು 481ಕ್ಕೆ ಏರುತ್ತದೆ. ವೇಗ ಮಿತಿ ಮೀರಿದಾಗ ಮೊದಲು ಸೋಲುವುದು ಮುಂದಿನ ಜೋಡಿ. ಸ್ಟೀರಿಂಗ್ ತಿರುಗಿಸಿದರೂ ಕಾರು ಸಾಕಷ್ಟು ತಿರುಗದೆ ರಸ್ತೆಯ ಹೊರ ಅಂಚಿನತ್ತ ಸಾಗುತ್ತದೆ. ಇದು ಮೂತಿಜಾರು. ದಪ್ಪ ಸರಳನ್ನು ಹಿಂದಕ್ಕೆ ಹಾಕಿಸಿದ್ದರೆ ಹಿಂದಿನ ಜೋಡಿ ಮೊದಲು ಸೋಲುತ್ತಿತ್ತು, ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತಿತ್ತು. ಅದು ಬಾಲಜಾರು.

ಮೂತಿ ಜಾರಿದಾಗ ಹೆಚ್ಚಿನವರು ಸಹಜವಾಗಿ ಮಾಡುವುದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಅದೇ ಅದಕ್ಕೆ ಮದ್ದು. ಬಾಲ ಜಾರಿದಾಗ ಅದೇ ಕೆಲಸ ಮಾಡಿದರೆ ಹೊರೆ ಇನ್ನಷ್ಟು ಮುಂದಕ್ಕೆ ಹೋಗಿ ಬಾಲ ಮತ್ತಷ್ಟು ಜಾರುತ್ತದೆ. ಈ ಕಾರಣಕ್ಕೆ ಮನೆಮಂದಿಯ ಕಾರುಗಳನ್ನೆಲ್ಲ ಮೂತಿಜಾರಿನ ಕಡೆಗೇ ಒಲಿಸಿ ಕಟ್ಟುತ್ತಾರೆ. ಸ್ಪೋರ್ಟ್ಸ್ ಕಾರಿನವರು ಎರಡರ ನಡುವಿನ ಗೆರೆಗೆ ಆದಷ್ಟು ಹತ್ತಿರ ನಿಲ್ಲಿಸುತ್ತಾರೆ. ಸ್ಟೀರಿಂಗಿಗೂ ಆಕ್ಸಿಲರೇಟರಿಗೂ ಕಾರು ಒಟ್ಟಿಗೆ ಓಗೊಡುವುದು ಆ ಜಾಗದಲ್ಲಿ.

ಕಾರ್ವೇರ್ ಕಲಿಸಿದ ಪಾಠ

ಒಂದು ಉಕ್ಕಿನ ಸರಳಿಗೆ ಇಷ್ಟು ಬೆಲೆಯೇ ಎನ್ನುವವರು ಅಮೆರಿಕದ ಷೆವರ್ಲೆ ಕಾರ್ವೇರ್ ಕಾರಿನ ಚರಿತ್ರೆ ನೋಡಬೇಕು. 1960ರ ಮಾದರಿಯಾಗಿ ಬಂದ ಈ ಕಾರಿನ ಎಂಜಿನ್ ಇದ್ದದ್ದು ಹಿಂದೆ, ಹಿಂಚಕ್ರಗಳಿಗೂ ಆಚೆ. ತೂಕದ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಪಾಲನ್ನು ಹಿಂದಿನ ಜೋಡಿಯೇ ಹೊರಬೇಕಿತ್ತು.

ಹಿಂಚಕ್ರಗಳನ್ನು ಹಿಡಿದಿದ್ದ ಅಚ್ಚು ಕಾರಿನ ನಡುವಿನಲ್ಲಿ ಮಾತ್ರ ಕೀಲಿನಿಂದ ಮಡಿಯುತ್ತಿತ್ತು. ಭುಜದಲ್ಲಿ ಕೀಲಿದ್ದು, ಮಣಿಕಟ್ಟಿನಲ್ಲಿ ಕೀಲಿಲ್ಲದ ತೋಳಿನ ಹಾಗೆ. ಬಿರುಸಿನ ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೆದ್ದರೆ, ಅರ್ಧ ಮಡಚಿದ ಕೊಡೆಯ ಕಡ್ಡಿಗಳಂತೆ ಚಕ್ರಗಳು ಒಳಕ್ಕೆ ಮಡಿಯುತ್ತಿದ್ದವು. ಆಗ ಟೈರು ನಿಲ್ಲುವುದು ಅಂಗೈ ಊರಿ ಅಲ್ಲ, ಅಂಗೈಯ ಅಂಚನ್ನು ಊರಿ. ಬಾಲಜಾರಿಗೆ ಬೇಕಾದ ಎಲ್ಲವೂ ಅಲ್ಲಿ ಕೂಡಿಬಂದಿದ್ದವು.

ಮೊದಲ ವರ್ಷಗಳ ಕಾರ್ವೇರ್‌ನಲ್ಲಿ ಮುಂದುಗಡೆ ವಾಲುತಡೆ ಸರಳು ಕಡ್ಡಾಯವಾಗಿ ಇರಲಿಲ್ಲ. ಬದಲಿಗೆ ಕಂಪನಿ ಟೈರಿನ ಗಾಳಿಯನ್ನು ನೆಚ್ಚಿಕೊಂಡಿತ್ತು: ಮುಂದೆ 15 ಪಿಎಸ್ಐ, ಹಿಂದೆ 26 ಪಿಎಸ್ಐ. ಮುಂದಿನ ಟೈರು ಮೆತ್ತಗಾದರೆ ಅದೇ ಮೊದಲು ಸೋಲುತ್ತದೆ, ಬಾಲ ಉಳಿಯುತ್ತದೆ ಎಂಬುದು ಲೆಕ್ಕ. ತತ್ವ ಸರಿಯಾಗಿತ್ತು. ಆದರೆ ಪೆಟ್ರೋಲ್ ಬಂಕಿನಲ್ಲಿ ನಾಲ್ಕೂ ಟೈರಿಗೆ ಒಂದೇ ಗಾಳಿ ತುಂಬಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು.

1964ರಲ್ಲಿ ಕಂಪನಿ ಮುಂದೆ ವಾಲುತಡೆ ಸರಳನ್ನು ಎಲ್ಲ ಕಾರಿಗೂ ಕೊಟ್ಟಿತು, ಹಿಂದೆ ಅಡ್ಡಕ್ಕೊಂದು ಪಟ್ಟಿ ಸ್ಪ್ರಿಂಗ್ ಸೇರಿಸಿತು. ಹಿಂದಿನ ತೂಕದ ಒಂದು ಪಾಲನ್ನು ಆ ಪಟ್ಟಿ ಹೊತ್ತಿತು, ಆದರೆ ವಾಲುವುದನ್ನು ಅದು ಹೆಚ್ಚೇನೂ ತಡೆಯುತ್ತಿರಲಿಲ್ಲ. ಎರಡೂ ಬದಲಾವಣೆ ಸೇರಿ ಒಂದೇ ಕೆಲಸ ಮಾಡಿದವು: ತಿರುವಿನಲ್ಲಿ ಜರುಗುವ ಹೊರೆಯ ಪಾಲನ್ನು ಹಿಂದಿನಿಂದ ಮುಂದಕ್ಕೆ ದಾಟಿಸಿದವು. 1965ರ ಮಾದರಿಗೆ ಹಿಂದಿನ ಸಸ್ಪೆನ್ಷನ್ನನ್ನೇ ಹೊಸದಾಗಿ ಕಟ್ಟಲಾಯಿತು. ಅದೇ ವರ್ಷದ ಕೊನೆಯಲ್ಲಿ ವಕೀಲ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕ ಹೊರಬಂತು. ಅದರ ಮೊದಲ ಅಧ್ಯಾಯದ ವಿಷಯ ಹಳೆಯ ಕಾರ್ವೇರ್. 1972ರಲ್ಲಿ ಅಮೆರಿಕ ಸರ್ಕಾರದ ಪರಿಶೀಲನೆ, ಆ ಕಾಲದ ಇತರ ಕಾರುಗಳಿಗಿಂತ ಇದು ಹೆಚ್ಚು ಹತೋಟಿ ತಪ್ಪುವಂಥದ್ದಲ್ಲ ಎಂದಿತು. ವಾದ ಇಂದಿಗೂ ಇದೆ. ಆದರೆ 1963ರ ಕಾರಿಗೂ 1964ರ ಕಾರಿಗೂ ನಡುವಿನ ಸ್ವಭಾವಭೇದದ ಹಿಂದೆ ಇದ್ದದ್ದು ಒಂದು ಸರಳು ಮತ್ತು ಒಂದು ಪಟ್ಟಿ.

ತುಂಬಿದ ಕೊಡ ಹೊತ್ತವರ ನಡಿಗೆ

ಇಲ್ಲಿಯವರೆಗೆ ರಸ್ತೆ ನುಣುಪಾಗಿದೆ ಎಂದುಕೊಂಡೆವು. ನಿಜವಾದ ರಸ್ತೆ ಹಾಗಿರುವುದಿಲ್ಲ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಕಲ್ಲುಮುಳ್ಳಿನ ದಾರಿಯಲ್ಲಿ ನಡೆಯುವ ಹೆಣ್ಣುಮಕ್ಕಳನ್ನು ಗಮನಿಸಿ. ಪಾದ ಏರುತ್ತದೆ, ಇಳಿಯುತ್ತದೆ, ಮಂಡಿ ಬಾಗುತ್ತದೆ. ಕೊಡ ಮಾತ್ರ ಒಂದೇ ಎತ್ತರದಲ್ಲಿ ತೇಲುತ್ತದೆ. ಮಂಡಿ ಸೆಟೆಸಿ ನಡೆದರೆ ನೀರು ತುಳುಕುತ್ತದೆ, ಹೆಜ್ಜೆಯೂ ತಪ್ಪುತ್ತದೆ. ಇಲ್ಲಿ ಕೊಡವೇ ಕಾರಿನ ಮೈ, ಪಾದವೇ ಟೈರು, ಮಂಡಿಯೇ ಸ್ಪ್ರಿಂಗು.

ಗಡುಸು ಸ್ಪ್ರಿಂಗಿನ ಕಾರು ಉಬ್ಬು ಹತ್ತಿದಾಗ ಟೈರಿನ ಮೇಲಿನ ಹೊರೆ ಗಕ್ಕನೆ ಏರುತ್ತದೆ, ಉಬ್ಬು ಇಳಿದಾಗ ಗಕ್ಕನೆ ತಗ್ಗುತ್ತದೆ. ಸರಾಸರಿ ಅಷ್ಟೇ ಇರಬಹುದು, ಆದರೆ ಎರಡು ಮೂಟೆಯ ಆಳಿನ ನಿಯಮ ನೆನಪಿದೆಯಲ್ಲ? ಹೊರೆ ಏರಿದಾಗ ಗಳಿಸುವ ಹಿಡಿತ, ಇಳಿದಾಗ ಕಳೆಯುವ ಹಿಡಿತಕ್ಕಿಂತ ಕಡಿಮೆ. ಏರಿಳಿತವೇ ನಷ್ಟ. ಚಕ್ರ ನೆಲ ಬಿಟ್ಟು ಜಿಗಿದ ಕ್ಷಣದಲ್ಲಂತೂ ಆ ಅಂಗೈ ಇಲ್ಲವೇ ಇಲ್ಲ.

ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಕಟ್ಟಿದ ಲೋಟಸ್ ಕಂಪನಿ 1962ರಲ್ಲಿ ಹೊರತಂದ ಎಲಾನ್, ಫೈಬರ್ ಗ್ಲಾಸ್ ಮೈಯ, 700 ಕಿಲೋ ಆಸುಪಾಸಿನ ಹಗುರ ಕಾರು. ಅದಕ್ಕೆ ಅವರು ಕೊಟ್ಟದ್ದು ಮೆದು ಸ್ಪ್ರಿಂಗು, ಚಕ್ರ ಧಾರಾಳವಾಗಿ ಏರಿಳಿಯಲು ಜಾಗ, ಮತ್ತು ಆ ಮೆದುತನವನ್ನು ಹತೋಟಿಯಲ್ಲಿಡುವ ಶಾಕ್ ಅಬ್ಸಾರ್ಬರ್. ಇಂಗ್ಲೆಂಡಿನ ಹಳ್ಳಿ ರಸ್ತೆಗಳು ಕಿರಿದು, ಅಂಕುಡೊಂಕು, ಉಬ್ಬುತಗ್ಗು. ಅಲ್ಲಿ ಎಲಾನ್ ಚಕ್ರಗಳು ನೆಲ ಬಿಡದೆ ಹರಿದವು. ಮುಂದೆ ಎಂಎಕ್ಸ್-5 ಕಟ್ಟಿದವರು ಕಣ್ಣ ಮುಂದಿಟ್ಟುಕೊಂಡ ಮಾದರಿಗಳಲ್ಲಿ ಎಲಾನ್ ಮುಖ್ಯವಾದದ್ದು.

ಒಗಟಿನ ಅರ್ಧ ಇಲ್ಲಿ ಬಿಡಿಸಿಕೊಂಡಿತು. ಗೋ-ಕಾರ್ಟು ಸ್ಪ್ರಿಂಗಿಲ್ಲದೆ ಬದುಕುವುದು ಅದರ ಓಟದ ಹಾದಿ ನುಣುಪಾಗಿರುವುದರಿಂದ; ಮೇಲಾಗಿ ಅದರ ಕೊಳವೆ ಚೌಕಟ್ಟೇ ಬಾಗಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಫಾರ್ಮುಲಾ ಒನ್ ಕಾರು ಗಡುಸಾಗಿರುವುದಕ್ಕೆ ಕಾರಣ ಗಾಳಿ. ಅದರ ರೆಕ್ಕೆಗಳೂ ಹೊಟ್ಟೆಯೂ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುತ್ತವೆ. ಆ ಒತ್ತು ಸರಿಯಾಗಿ ಸಿಗಬೇಕಾದರೆ ನೆಲದಿಂದ ಎತ್ತರ ಬದಲಾಗಬಾರದು. 1992ರಲ್ಲಿ ನೈಜೆಲ್ ಮ್ಯಾನ್ಸೆಲ್‌ಗೆ ವಿಶ್ವ ಪಟ್ಟ ತಂದ ವಿಲಿಯಮ್ಸ್ ಕಾರು ಕಂಪ್ಯೂಟರ್ ನಡೆಸುವ ಸಸ್ಪೆನ್ಷನ್ನಿನಿಂದ ಆ ಎತ್ತರವನ್ನು ಕಾಯ್ದುಕೊಳ್ಳುತ್ತಿತ್ತು. ಅದರಿಂದ ಸಿಕ್ಕ ಲಾಭ ಎಷ್ಟು ದೊಡ್ಡದೆಂದರೆ 1993ರ ಋತು ಮುಗಿದ ಮೇಲೆ ಆ ವಿದ್ಯೆಯನ್ನೇ ನಿಷೇಧಿಸಲಾಯಿತು. ರಸ್ತೆಯ ಮೇಲೆ ಓಡುವ ಕಾರಿಗೆ ಅಂಥ ಗಾಳಿಯ ಒತ್ತೂ ಇಲ್ಲ, ಅಂಥ ನುಣುಪು ಹಾದಿಯೂ ಇಲ್ಲ.

ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡಿಸುವುದರ ಅಪಾಯವೂ ಈಗ ತಿಳಿಯುತ್ತದೆ. ಚಕ್ರ ಏರಲು ಜಾಗ ಕಡಿಮೆಯಾದರೆ ತಿರುವಿನ ನಡುವೆ ಬಂದ ಉಬ್ಬಿಗೆ ಸಸ್ಪೆನ್ಷನ್ ಕೊನೆಯ ರಬ್ಬರ್ ತಡೆಗೆ ಹೋಗಿ ಬಡಿಯುತ್ತದೆ. ಆ ಕ್ಷಣಕ್ಕೆ ಆ ಮೂಲೆ ಬಂಡೆಯಷ್ಟು ಗಡುಸು. ಜರುಗುವ ಹೊರೆಯ ಸಿಂಹಪಾಲು ಒಮ್ಮೆಲೇ ಆ ಟೈರಿಗೆ ಬೀಳುತ್ತದೆ, ಕಾರಿನ ಸ್ವಭಾವ ತಿರುವಿನ ನಡುವೆಯೇ ಬದಲಾಗುತ್ತದೆ.

ಮುಂದು-ಹಿಂದಿನ ಹೊಂದಾಣಿಕೆಯನ್ನೂ ಮರೆಯುವಂತಿಲ್ಲ. 1930ರ ದಶಕದ ಆರಂಭದಲ್ಲಿ ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಅಮೆರಿಕದ ಕ್ಯಾಡಿಲಾಕ್‌ನಲ್ಲಿ ಒಂದು ಕಾರಿನ ಮುಂದೆ-ಹಿಂದೆ ತೂಕಗಳನ್ನು ಜರುಗಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ ಓಡಿಸಿ ನೋಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿದ್ದರೆ ಪಯಣ ಸಮತಟ್ಟು ಎಂದು ಕಂಡುಕೊಂಡರು. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ, ಅದರ ಏರಿಳಿತ ಮೊದಲು ಶುರುವಾಗುತ್ತದೆ. ತಡವಾಗಿ ಹತ್ತುವ ಹಿಂಭಾಗ ತುಸು ಬೇಗ ಏರಿಳಿದರೆ ಮುಂಭಾಗವನ್ನು ಹಿಡಿದುಬಿಡುತ್ತದೆ, ಎರಡೂ ಜೊತೆಯಲ್ಲೇ ಅಡಗುತ್ತವೆ. ಮುಂದೆ ಮಾತ್ರ ಗಡುಸು ಸ್ಪ್ರಿಂಗ್ ಹಾಕಿಸಿದ ಕಾರು ಅಲೆಗೆ ಸಿಕ್ಕ ದೋಣಿಯಂತೆ ತಲೆದೂಗುವುದು ಈ ತಾಳ ತಪ್ಪುವುದರಿಂದ.

ಎಣ್ಣೆ ತುಂಬಿದ ಪಂಪು

ಸ್ಪ್ರಿಂಗಿಗೆ ತಾನಾಗಿ ನಿಲ್ಲುವುದು ಗೊತ್ತಿಲ್ಲ. ತೂಗಿಬಿಟ್ಟ ಜೋಕಾಲಿಯಂತೆ ಆಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹೆಸರು ತುಸು ದಾರಿ ತಪ್ಪಿಸುತ್ತದೆ. ಏಟನ್ನು ನುಂಗುವುದು ಸ್ಪ್ರಿಂಗು, ಆಮೇಲಿನ ಕುಣಿತವನ್ನು ತಡೆಯುವುದು ಇದು. ಹಾಗಾಗಿ ಕುಣಿತಡೆ ಎನ್ನೋಣ.

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಅರ್ಧ ಮುಚ್ಚಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಹಿಡಿ ಇಳಿಯುತ್ತದೆ, ಜೋರಾಗಿ ಒತ್ತಿದರೆ ಎದುರು ನಿಲ್ಲುತ್ತದೆ. ಕುಣಿತಡೆಯೊಳಗೆ ಗಾಳಿಯ ಬದಲು ಎಣ್ಣೆ, ಬೆರಳಿನ ಬದಲು ಸಣ್ಣ ತೂತುಗಳು. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ. ಹಳೆಯ ಕಾರು ಕೊಳ್ಳುವಾಗ ಅನುಭವಸ್ಥ ಮೆಕ್ಯಾನಿಕ್ಕುಗಳು ಮಡ್‌ಗಾರ್ಡಿನ ಮೇಲೆ ಮೈಭಾರ ಹಾಕಿ ಒತ್ತಿ, ತಟ್ಟನೆ ಕೈ ತೆಗೆಯುವುದನ್ನು ನೋಡಿರುತ್ತೀರಿ. ಮೂಲೆ ಒಮ್ಮೆ ಎದ್ದು ನಿಂತರೆ ಕುಣಿತಡೆ ಜೀವಂತವಾಗಿದೆ. ಎರಡು-ಮೂರು ಸಲ ಕುಣಿದರೆ ಎಣ್ಣೆ ಸೋರಿದೆ ಅಥವಾ ಒಳಗಿನ ತೂಬು ಸವೆದಿದೆ.

ಓಡಿಸುವವರ ಕೈಗೆ ಎಲ್ಲಕ್ಕಿಂತ ಹೆಚ್ಚು ತಿಳಿಯುವ ಬದಲಾವಣೆ ಕುಣಿತಡೆಯದೇ. ಸ್ಪ್ರಿಂಗೂ ವಾಲುತಡೆ ಸರಳೂ ಹೊರೆ ಕೊನೆಗೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತವೆ. ಅಲ್ಲಿಗೆ ಎಷ್ಟು ಬೇಗ ತಲುಪಬೇಕು ಎಂಬುದು ಕುಣಿತಡೆಯ ತೀರ್ಮಾನ. ಸ್ಟೀರಿಂಗ್ ತಿರುಗಿಸಿದ ಮೊದಲ ಅರೆ ಸೆಕೆಂಡಿನಲ್ಲಿ ಮೈ ಇನ್ನೂ ವಾಲುತ್ತಿರುತ್ತದೆ, ಹೊರೆ ಇನ್ನೂ ಜರುಗುತ್ತಿರುತ್ತದೆ. ಕುಣಿತಡೆ ಸಡಿಲವಾಗಿದ್ದರೆ ಕಾರು ಯೋಚಿಸಿ ಉತ್ತರ ಕೊಟ್ಟಂತೆ ತಡಮಾಡುತ್ತದೆ, ಆಮೇಲೆ ಅಳತೆ ಮೀರಿ ವಾಲಿ ಹಿಂದಕ್ಕೆ ಬರುತ್ತದೆ. ಹದವಾಗಿದ್ದರೆ ವಾಲುವುದು ಒಂದೇ ಬೀಸಿನಲ್ಲಿ ಮುಗಿಯುತ್ತದೆ, ನಿಂತಲ್ಲಿ ನಿಲ್ಲುತ್ತದೆ. ಬಿಗಿ ಅತಿಯಾದರೆ ಮತ್ತೊಂದು ತೊಂದರೆ: ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗು ಪೂರ್ತಿ ಹಿಗ್ಗುವ ಮೊದಲೇ ಇನ್ನೊಂದು ಉಬ್ಬು ಬರುತ್ತದೆ. ಸಾಲು ಉಬ್ಬುಗಳಲ್ಲಿ ಕಾರು ಇಂಚಿಂಚು ಕುಸಿಯುತ್ತಾ ಹೋಗುತ್ತದೆ, ಚಕ್ರ ತಗ್ಗಿಗೆ ಇಳಿಯದೆ ಗಾಳಿಯಲ್ಲೇ ಉಳಿಯುತ್ತದೆ.

ಕುದುರೆ ಮತ್ತು ಸವಾರ

ಎಂಎಕ್ಸ್-5ರ ಬೀಜ ಬಿದ್ದದ್ದು 1970ರ ದಶಕದಲ್ಲಿ. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ, ಹಳೆಯ ಬ್ರಿಟಿಷ್ ಕಾರುಗಳಂಥ ಸರಳ, ಹಗುರ, ತೆರೆದ ಕಾರನ್ನು ಮತ್ತೆ ಯಾರಾದರೂ ಕಟ್ಟಬೇಕೆಂಬ ಆಸೆ ತೋಡಿಕೊಂಡರು. ಮುಂದೆ ತೊಶಿಹಿಕೊ ಹಿರಾಯಿ ಅವರ ಮುಂದಾಳ್ತನದಲ್ಲಿ ಕಾರು ರೂಪುಗೊಂಡಿತು. ಅವರ ತಂಡ ಹಿಡಿದ ಮಂತ್ರ ‘ಜಿನ್ಬಾ ಇತ್ತಾಯ್’. ಕುದುರೆಯೂ ಸವಾರನೂ ಒಂದೇ ಮೈ ಎಂದು ಅರ್ಥ. ಓಡುವ ಕುದುರೆಯ ಮೇಲಿಂದ ಗುರಿಗೆ ಬಾಣ ಬಿಡುವ ಜಪಾನಿನ ಬಿಲ್ಲುಗಾರರ ಸಂಪ್ರದಾಯವನ್ನು ನೆನಪಿಸುವ ಮಾತು.

ಲಗಾಮು ಹಿಡಿದ ಸವಾರನಿಗೆ ಕುದುರೆಯ ಮನಸ್ಸು ತಿಳಿಯುವುದು ಅದರ ಬೆನ್ನಿನ ಚಲನೆಯಿಂದ. ಕಾರು ಓಡಿಸುವವರಿಗೂ ಅಷ್ಟೆ. ವಾಲುವುದು ಒಂದು ಸುದ್ದಿ. ಎಷ್ಟು ಹೊರೆ ಹೊರಗಿನ ಟೈರಿಗೆ ಹೋಗಿದೆ, ಇನ್ನೆಷ್ಟು ಹಿಡಿತ ಉಳಿದಿದೆ ಎಂಬುದನ್ನು ಸೊಂಟ, ಬೆನ್ನು, ಕತ್ತು ಮೊದಲು ತಿಳಿಯುತ್ತವೆ. ಒಂದಿಷ್ಟೂ ವಾಲದ ಕಾರು ಆ ಸುದ್ದಿಯನ್ನು ನುಂಗಿಕೊಳ್ಳುತ್ತದೆ. ಕೊನೆಯವರೆಗೂ ಸುಮ್ಮನಿದ್ದು ಒಮ್ಮೆಲೇ ಜಾರುತ್ತದೆ. ಸುದ್ದಿ ಅಳತೆಗೆ ತಕ್ಕಂತೆ, ಸರಿಯಾದ ಹೊತ್ತಿಗೆ ಬರುತ್ತಿದ್ದರೆ ಸಾಧಾರಣ ವೇಗದಲ್ಲೂ ಓಡಿಸುವವರು ಆಟದಲ್ಲಿ ಪಾಲುದಾರರಾಗುತ್ತಾರೆ. ಓಡಿಸುವ ಖುಷಿ ಎಂದು ನಾವು ಕರೆಯುವುದರ ಬಹುಪಾಲು ಇದೇ ಎಂದು ನನ್ನ ನಂಬಿಕೆ.

ಹಾಗೆಂದು ಮೈಯನ್ನು ವಾಲಲು ಬಿಟ್ಟರೆ ಟೈರೂ ಜೊತೆಗೆ ವಾಲಿ ಅಂಚಿನ ಮೇಲೆ ನಿಲ್ಲಬಾರದಲ್ಲ. ಅದಕ್ಕೆಂದೇ ಎಂಎಕ್ಸ್-5ರ ಮೊದಲ ನಾಲ್ಕು ತಲೆಮಾರಿನ ಕಾರುಗಳ ಮುಂಚಕ್ರಗಳನ್ನು ಮೇಲೊಂದು, ಕೆಳಗೊಂದು ಎರಡು ತೋಳುಗಳು ಹಿಡಿದಿರುತ್ತವೆ. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಮೈ ವಾಲಿದಂತೆ ಗಿಡ್ಡ ತೋಳು ಚಕ್ರದ ನೆತ್ತಿಯನ್ನು ಒಳಕ್ಕೆ ಎಳೆಯುತ್ತದೆ, ಹೊರಗಿನ ಟೈರು ನೆಲಕ್ಕೆ ಅಂಗೈ ಊರಿಯೇ ಇರುತ್ತದೆ. ಕಾರ್ವೇರ್‌ಗೆ ಇಲ್ಲದ ಮಣಿಕಟ್ಟು ಇದಕ್ಕಿದೆ.

2022ರ ಮಾದರಿಯಲ್ಲಿ ಮಾಜ್ದಾ ಎಂಜಿನಿಯರುಗಳು ಇನ್ನೊಂದು ಜಾಣ್ಮೆ ಸೇರಿಸಿದರು. ರಭಸದ ತಿರುವಿನಲ್ಲಿ ಹಿಂದಿನ ಒಳ ಚಕ್ರಕ್ಕೆ ನವಿರಾಗಿ ಬ್ರೇಕ್ ಹಾಕುತ್ತದೆ ಕಾರು. ಆ ಚಕ್ರದ ತೋಳುಗಳನ್ನು ಜೋಡಿಸಿರುವ ರೀತಿಯೇ ಹಾಗಿದೆ: ಬ್ರೇಕ್ ಬಿದ್ದರೆ ಅವು ಮೈಯನ್ನು ಕೆಳಕ್ಕೆ ಜಗ್ಗುತ್ತವೆ. ಮೇಲೇಳುತ್ತಿದ್ದ ಒಳಮೂಲೆ ತಗ್ಗುತ್ತದೆ. ಹೊಸ ಸ್ಪ್ರಿಂಗಿಲ್ಲ, ದಪ್ಪ ಸರಳಿಲ್ಲ, ಒಂದು ಗ್ರಾಂ ತೂಕವೂ ಹೆಚ್ಚಲಿಲ್ಲ. ಸಾಧಾರಣ ವೇಗದಲ್ಲಿ ಕಾರು ಮೊದಲಿನಂತೆಯೇ ವಾಲುತ್ತದೆ, ಮಾತಾಡುತ್ತದೆ.

ಯಾವ ರಸ್ತೆಗೆ?

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ಹಾದಿಗಳಲ್ಲಿ ರ್‍ಯಾಲಿ ನಡೆಯುತ್ತದೆ. ಅಲ್ಲಿ ಓಡುವ ಕಾರಿನ ಹೊಟ್ಟೆ ಎತ್ತರ, ಸ್ಪ್ರಿಂಗು ಮೆದು, ಚಕ್ರ ಏರಿಳಿಯುವ ಜಾಗ ಧಾರಾಳ. ಅದೇ ಜಾತಿಯ ಕಾರನ್ನು ಡಾಂಬರು ರ್‍ಯಾಲಿಗೆ ಇಳಿಸುವಾಗ ತಗ್ಗಿಸುತ್ತಾರೆ, ಗಡುಸು ಮಾಡುತ್ತಾರೆ. ಕಾರು ಬದಲಾಗಲಿಲ್ಲ, ಗುರಿಯೂ ಬದಲಾಗಲಿಲ್ಲ. ನೆಲ ಬದಲಾಯಿತು, ಅಂಗೈಗಳನ್ನು ನೆಲಕ್ಕೆ ಊರಿಸಿಡುವ ದಾರಿಯೂ ಬದಲಾಯಿತು.

ತಮ್ಮ ಕಾರಿನ ಸಸ್ಪೆನ್ಷನ್ನಿಗೆ ಕೈ ಹಾಕುವವರಿಗೆ ಎರಡು ಮೂಟೆಯ ಆಳಿನ ನಿಯಮದಿಂದಲೇ ಹುಟ್ಟುವ ಒಂದೆರಡು ಮಾತು ಸಾಕು. ಮೊದಲು ಟೈರಿನ ಗಾಳಿ, ಸವೆದ ಕುಣಿತಡೆ, ಸಡಿಲವಾದ ರಬ್ಬರ್ ಬುಷ್‌ಗಳನ್ನು ಸರಿಪಡಿಸಿಕೊಳ್ಳಿ. ಎಷ್ಟೋ ಕಾರುಗಳು ಅಷ್ಟಕ್ಕೇ ಮರುಜನ್ಮ ಪಡೆಯುತ್ತವೆ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರಿಚಿತ ರಸ್ತೆಯಲ್ಲಿ ಓಡಿಸಿ ನೋಡಿ. ಮುಂದೆ ಮಾಡಿದ ಬದಲಾವಣೆ ಹಿಂದಿನ ಜೋಡಿಗೂ ತಟ್ಟುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನೊಮ್ಮೆ ಯಾವುದಾದರೂ ತಿರುವಿನಲ್ಲಿ ಪುಟ್ಟ ಕಾರೊಂದು ಮೈ ವಾಲಿಸಿ ಹೋಗುವುದು ಕಂಡರೆ ಮೈಯ ಮೇಲೆ ಕಣ್ಣು ನಿಲ್ಲಿಸಬೇಡಿ. ದೃಷ್ಟಿಯನ್ನು ಕೆಳಗಿಳಿಸಿ ಹೊರಗಿನ ಟೈರನ್ನು ನೋಡಿ. ಅದು ನೆಟ್ಟಗೆ ನಿಂತು, ರಸ್ತೆಯ ಏರುತಗ್ಗನ್ನು ಸವರುತ್ತಾ, ನೆಲ ಬಿಡದೆ ಉರುಳುತ್ತಿದ್ದರೆ ಆ ಕಾರನ್ನು ಕಟ್ಟಿದವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದಾರೆ.